ಡ್ಯಾನೆಲೆಕ್ಟ್ರೋ ಗಿಟಾರ್ ಕೈಗೆ ಬಂದ ಮೇಲೆ: ಸೆಟಪ್, ರಿಪೇರಿ, ಮಳೆಗಾಲದ ಜೋಪಾನ

ಡ್ಯಾನೆಲೆಕ್ಟ್ರೋ ಗಿಟಾರಿನ ಮೈಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ. ಬೇರೆ ಎಲೆಕ್ಟ್ರಿಕ್ ಗಿಟಾರುಗಳ ಹಾಗೆ ಗಟ್ಟಿ ಮರದ ಸದ್ದು ಬರುವುದಿಲ್ಲ. ಕಪಾಟಿನ ಹಿಂಬದಿಯ ಹಲಗೆ ತಟ್ಟಿದಂತೆ ಟೊಳ್ಳು ಸದ್ದು ಬರುತ್ತದೆ. ನಿಜಕ್ಕೂ ಅದು ಅದೇ ಹಲಗೆ: ಹಾರ್ಡ್‌ಬೋರ್ಡ್, ಅಮೆರಿಕದವರ ಬಾಯಲ್ಲಿ ಮೇಸನೈಟ್. ಸುತ್ತ ಮರದ ಚೌಕಟ್ಟು, ನೆಕ್ಕಿಗೂ (ಗಿಟಾರಿನ ಕತ್ತು) ಬ್ರಿಜ್ಜಿಗೂ (ಮೈಮೇಲೆ ತಂತಿ ಸಿಕ್ಕಿಸುವ ಕುದುರೆ) ಆಸರೆಯಾಗಿ ಒಳಗೊಂದಿಷ್ಟು ದಪ್ಪ ಮರ, ಮೇಲೊಂದು ಕೆಳಗೊಂದು ಹಾರ್ಡ್‌ಬೋರ್ಡ್ ಹಾಳೆ, ಅಂಚಿನ ಕೂಡುಗೆರೆ ಮುಚ್ಚಲು ಸುತ್ತಲೂ ವಿನೈಲ್ ಪಟ್ಟಿ. ಉಳಿದದ್ದೆಲ್ಲ ಗಾಳಿ.

ಇದನ್ನು ಕಟ್ಟಿದವರು ನೇಥನ್ ಡೇನಿಯಲ್. 1947ರಲ್ಲಿ ನ್ಯೂಜೆರ್ಸಿಯಲ್ಲಿ ಆಂಪ್ಲಿಫೈಯರ್ ಕಂಪನಿ ಶುರುಮಾಡಿ, 1954ರಿಂದ ಗಿಟಾರ್ ತಯಾರಿಕೆಗೆ ಇಳಿದರು. ಸಿಯರ್ಸ್ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆಗೆ ಸಿಲ್ವರ್‌ಟೋನ್ ಹೆಸರಿನಲ್ಲಿ ಇವರೇ ಗಿಟಾರ್ ಮಾಡಿಕೊಡುತ್ತಿದ್ದರು. ಮೊದಲ ಸಲ ಗಿಟಾರ್ ಕಲಿಯುವ ಹುಡುಗ ಹುಡುಗಿಯರ ಕೈಗೆಟುಕುವ ಬೆಲೆ ಇರಬೇಕು, ಆದರೆ ನಾದ ಕಳಪೆ ಆಗಬಾರದು ಎಂಬುದು ಲೆಕ್ಕಾಚಾರ. ಅದಕ್ಕೇ ಹಾರ್ಡ್‌ಬೋರ್ಡ್, ಅದಕ್ಕೇ ಅಲ್ಯೂಮಿನಿಯಂ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಹಾದುಹೋಗುವ ಪಟ್ಟಿ), ಅದಕ್ಕೇ ಲಿಪ್‌ಸ್ಟಿಕ್ ಕೊಳವೆಯೊಳಗೆ ಕೂರಿಸಿದ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಭಾಗ). 1966ರಲ್ಲಿ ಕಂಪನಿ ಎಂಸಿಎ ಸಂಸ್ಥೆಯ ಪಾಲಾಯಿತು, 1969ರಲ್ಲಿ ಬಾಗಿಲು ಮುಚ್ಚಿತು. 1990ರ ದಶಕದ ಕೊನೆಯಲ್ಲಿ ಇನ್ನೊಂದು ಕಂಪನಿ ಹೆಸರನ್ನು ಕೊಂಡು, ಹಳೆಯ ಮಾದರಿಗಳನ್ನೇ ಏಷ್ಯಾದ ಕಾರ್ಖಾನೆಗಳಲ್ಲಿ ಮತ್ತೆ ಮಾಡಿಸತೊಡಗಿತು. ಇವತ್ತು ಹೆಚ್ಚಿನವರ ಕೈಗೆ ಸಿಗುವುದು ಈ ಮರುತಯಾರಿಯೇ. ಅದರಲ್ಲೂ ಎರಡು ಮೊಂಡು ಕೊಂಬಿನ, ಎರಡು ಪಿಕಪ್ಪಿನ 59 ಡಿಸಿ. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ ವೇದಿಕೆಯಲ್ಲಿ ಹಿಡಿಯುತ್ತಿದ್ದದ್ದು ಇದರ ಮೂಲ ಮಾದರಿ, 3021. ಕೆಳಗಿನ ಮಾತೆಲ್ಲ ಈ 59 ಡಿಸಿಯನ್ನು ಮುಂದಿಟ್ಟುಕೊಂಡು ಬರೆದದ್ದು; ಉಳಿದ ಮಾದರಿಗಳಿಗೂ ಬಹುಪಾಲು ಸಲ್ಲುತ್ತದೆ.

ಮೊದಲೇ ಒಂದು ಮಾತು. ಈ ಗಿಟಾರ್ ಕೊಂಡವರಲ್ಲಿ ಬಹಳ ಜನ ಮೊದಲ ತಿಂಗಳಲ್ಲೇ ಬ್ರಿಜ್ ಬದಲಿಸಿ, ಪಿಕಪ್ ಬದಲಿಸಿ, ನಟ್ ಬದಲಿಸಿ, ಕೊನೆಗೆ ಇದು ಬೇರೆ ಯಾವುದೋ ಗಿಟಾರಿನ ಹಾಗೆ ಕೇಳಿಸುತ್ತಿದೆ ಎಂದು ಮಾರಿಬಿಡುತ್ತಾರೆ. ಅಗ್ಗದ್ದು ಎಂದು ಕಿತ್ತು ಹಾಕಿದ ಬಿಡಿಭಾಗಗಳೇ ಇದರ ನಾದ. ಹೊಸ ಭಾಗ ತರುವ ಮುಂಚೆ ಇರುವುದನ್ನು ಹದಕ್ಕೆ ತನ್ನಿ. ಅದಕ್ಕೆ ಒಂದು ಮಧ್ಯಾಹ್ನ ಸಾಕು.

ಕೊಳ್ಳುವಾಗ ನೋಡಬೇಕಾದ್ದು

ಹಳೆಯ ಮೂಲ ಗಿಟಾರ್ ಆದರೆ ಮೊದಲು ನೆಕ್ ನೋಡಿ. ಅವುಗಳ ನೆಕ್ಕಿನೊಳಗೆ ಎರಡು ಉಕ್ಕಿನ ಪಟ್ಟಿ ಇರುತ್ತದೆ. ತಿರುಗಿಸಿ ನೆಕ್ಕಿನ ಬಾಗು ಸರಿಮಾಡುವ ಟ್ರಸ್ ರಾಡ್ (ಒಳಗಿನ ಉಕ್ಕಿನ ಸರಳು) ಇಲ್ಲ. ಆರನೇ ತಂತಿಯನ್ನು (ಎಲ್ಲಕ್ಕಿಂತ ದಪ್ಪದ್ದು; ಮೊದಲನೆಯದು ಎಲ್ಲಕ್ಕಿಂತ ತೆಳು) ಮೊದಲ ಫ್ರೆಟ್ಟಿನಲ್ಲಿ (ನೆಕ್ಕಿನ ಅಡ್ಡಕ್ಕೆ ಕೂತ ಲೋಹದ ಪಟ್ಟಿ) ಒತ್ತಿ, ಕೊನೆಯ ಫ್ರೆಟ್ಟಿನಲ್ಲೂ ಒತ್ತಿ, ಏಳನೇ ಫ್ರೆಟ್ ಬಳಿ ಸಂದು ಎಷ್ಟಿದೆ ನೋಡಿ. ಅರ್ಧ ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಫ್ರೆಟ್ ಕಿತ್ತು ಫಿಂಗರ್‌ಬೋರ್ಡ್ (ಫ್ರೆಟ್‌ಗಳು ಕೂತ ಹಲಗೆ) ಮಟ್ಟ ಮಾಡುವ ಕೆಲಸ ಬೀಳುತ್ತದೆ. ಬೆಲೆ ಮಾತಾಡುವಾಗ ಅದನ್ನೂ ಸೇರಿಸಿಕೊಳ್ಳಿ. ಆಮೇಲೆ ಮೈಯ ಅಂಚು ನೋಡಿ. ಹಾರ್ಡ್‌ಬೋರ್ಡ್ ನೀರು ಕುಡಿದಿದ್ದರೆ ಅಂಚು ಉಬ್ಬಿ, ಬಿಸ್ಕತ್ತು ನೆನೆದ ಹಾಗೆ ಪದರ ಬಿಟ್ಟಿರುತ್ತದೆ. ಆವಿಯ ಬಲದಿಂದ ಮರವನ್ನು ಎಳೆ ಎಳೆಯಾಗಿ ಸಿಡಿಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ಉಬ್ಬಿದ ಎಳೆ ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಅಂಥ ಗಿಟಾರ್ ಬಿಟ್ಟುಬಿಡಿ.

ವಿದೇಶದಲ್ಲಿರುವ ಕನ್ನಡಿಗರು ಊರಿಗೆ ಬರುವಾಗ 1960ರ ಆಸುಪಾಸಿನ ಗಿಟಾರ್ ತರುವುದಾದರೆ ಇನ್ನೊಂದು ತೊಡಕಿದೆ. ಹಲವು ಹಳೆಯ ಡ್ಯಾನೆಲೆಕ್ಟ್ರೋಗಳ ಫಿಂಗರ್‌ಬೋರ್ಡ್ ಬ್ರೆಜಿಲ್ ರೋಸ್‌ವುಡ್‌ನದು. ಆ ಮರ 1992ರಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಪಟ್ಟಿಯಲ್ಲಿದೆ. ವಾದ್ಯದ ರೂಪದಲ್ಲಿದ್ದರೂ ಕಾಗದಪತ್ರ ಇಲ್ಲದೆ ಗಡಿ ದಾಟಿಸುವಂತಿಲ್ಲ. 2019ರಲ್ಲಿ ಸಿಕ್ಕ ವಿನಾಯಿತಿ ಬೇರೆ ರೋಸ್‌ವುಡ್‌ಗಳಿಂದ ಮಾಡಿದ ವಾದ್ಯಗಳಿಗೆ ಮಾತ್ರ.

ಬೇಕಾಗುವ ಸಾಮಾನು

ಫೀಲರ್ ಗೇಜ್ ಒಂದು ಸೆಟ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು; ಮೋಟಾರ್ ಸೈಕಲ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ), ಅರ್ಧ ಮಿ.ಮೀ. ಗುರುತಿರುವ ಉಕ್ಕಿನ ಸ್ಕೇಲ್, ಕ್ಯಾಪೊ (ತಂತಿಗಳನ್ನು ಫ್ರೆಟ್ಟಿಗೆ ಒತ್ತಿಹಿಡಿಯುವ ಕ್ಲಿಪ್), ಕ್ಲಿಪ್ ಟ್ಯೂನರ್, ಸಣ್ಣ ಮತ್ತು ನಡುಗಾತ್ರದ ನಕ್ಷತ್ರ ಸ್ಕ್ರೂಡ್ರೈವರ್, ಹೆಕ್ಸ್ ಕೀ ಸೆಟ್, ಮಲ್ಟಿಮೀಟರ್, ತೆಳು ಸೂಪರ್ ಗ್ಲೂ, ಮೇಣದ ಬತ್ತಿ, ಹಳೆಯ ಮೆತ್ತನೆ ಟವೆಲ್. ವಿದ್ಯುತ್ ಸ್ಕ್ರೂಡ್ರೈವರ್ ಬೇಡವೇ ಬೇಡ. ಹಾರ್ಡ್‌ಬೋರ್ಡಿನಲ್ಲಿ ಸ್ಕ್ರೂ ಬಿಗಿಯಾದ ಕ್ಷಣಕ್ಕೂ ಹಿಡಿತ ಕಿತ್ತುಹೋಗುವ ಕ್ಷಣಕ್ಕೂ ನಡುವೆ ಕಾಲು ಸುತ್ತೂ ಇರುವುದಿಲ್ಲ. ಅದು ಗೊತ್ತಾಗುವುದು ಕೈಗೆ ಮಾತ್ರ.

ತಂತಿ 10ರಿಂದ 46ರ ಸೆಟ್ ಸರಿ (ಈ ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ). ಸ್ಕೇಲ್ ಉದ್ದ, ಅಂದರೆ ನಟ್ಟಿನಿಂದ ಬ್ರಿಜ್ಜಿಗೆ ತಂತಿಯ ಉದ್ದ, 25 ಇಂಚು, ಅಂದರೆ 635 ಮಿ.ಮೀ. ಫೆಂಡರ್ ಸ್ಟ್ರಾಟ್‌ಗಿಂತ ಅರ್ಧ ಇಂಚು ಗಿಡ್ಡ, ಹಾಗಾಗಿ ಅದೇ ತಂತಿ ಇಲ್ಲಿ ಕೊಂಚ ಸಡಿಲ ಅನ್ನಿಸುತ್ತದೆ. 9ರ ಸೆಟ್ ಹಾಕಿದರೆ ಮರದ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಮೇಲೆ ಒತ್ತಡ ಸಾಲದೆ ತಂತಿ ಅತ್ತಿತ್ತ ಜಾರುತ್ತದೆ.

ನೆಕ್

ಯಾವಾಗಲೂ ನೆಕ್ಕಿನಿಂದಲೇ ಶುರು. ತಂತಿಯನ್ನು ನೀವು ನುಡಿಸುವ ಶ್ರುತಿಗೇ ಏರಿಸಿ, ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ. ಏಳನೇ ಫ್ರೆಟ್ಟಿನ ನೆತ್ತಿಗೂ ತಂತಿಗೂ ನಡುವೆ 0.20ರಿಂದ 0.25 ಮಿ.ಮೀ. ಗೇಜ್ ಹಗುರಾಗಿ ಹೋಗಬೇಕು. ಹೆಚ್ಚಿದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ, ಕಡಿಮೆ ಇದ್ದರೆ ಎದುರು ದಿಕ್ಕಿಗೆ, ಒಮ್ಮೆಗೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ. ರಾಡಿನ ತಲೆ ಮೇಲ್ತುದಿಯಲ್ಲಿ ಕಾಣದಿದ್ದರೆ ಮೈಯ ಕಡೆಯ ತುದಿಯಲ್ಲಿ ಹುಡುಕಿ. ಹೆಕ್ಸ್ ಕೀ ಸಡಿಲವಾಗಿ ಕೂತರೆ ಅದು ಬೇರೆ ಅಳತೆಯದು. ಒತ್ತಾಯ ಮಾಡಿ ತಿರುಗಿಸಿದರೆ ಒಳಗಿನ ಮೂಲೆ ಸವೆದು ರಾಡ್ ಶಾಶ್ವತವಾಗಿ ಕೈಕೊಡುತ್ತದೆ.

ಬ್ರಿಜ್ಜನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರವೇ ಉಳಿದರೆ ನೆಕ್ಕಿನ ಕೋನ ತಪ್ಪಿದೆ ಎಂದರ್ಥ. ತಂತಿ ಸಡಿಲಿಸಿ, ನೆಕ್ಕಿನ ಸ್ಕ್ರೂಗಳನ್ನು ಬಿಚ್ಚಿ, ನೆಕ್ ಕೂರುವ ಗೂಡಿನ ಬ್ರಿಜ್ ಕಡೆಯ ಅಂಚಿನಲ್ಲಿ 0.3 ಮಿ.ಮೀ. ದಪ್ಪದ ಚೀಟಿ ಇಡಿ. ವಿಸಿಟಿಂಗ್ ಕಾರ್ಡು ಹೆಚ್ಚುಕಡಿಮೆ ಅಷ್ಟೇ ದಪ್ಪ. ಗೂಡಿನಲ್ಲಿ 0.3 ಮಿ.ಮೀ. ಎತ್ತಿದರೆ ಬ್ರಿಜ್ ಬಳಿ ಸುಮಾರು 1 ಮಿ.ಮೀ. ಜಾಗ ಸಿಗುತ್ತದೆ. ಒಂದೇ ಸಲ ಎರಡು ಮೂರು ಕಾರ್ಡ್ ಇಡಬೇಡಿ. ಕಾರ್ಡು ತಾತ್ಕಾಲಿಕ. ಸರಿಯಾದ ದಪ್ಪ ಗೊತ್ತಾದ ಮೇಲೆ ಗೂಡಿನಷ್ಟೇ ಅಗಲದ, ಒಂದು ಕಡೆ ತೆಳುವಾಗಿ ಇಳಿಯುವ ಮರದ ಸಿಬಿರು ಮಾಡಿಸಿ ಹಾಕಿದರೆ ನೆಕ್ ತಳಕ್ಕೆ ಪೂರ್ತಿ ಕೂರುತ್ತದೆ.

ಬ್ರಿಜ್ ಮತ್ತು ಮರದ ಸ್ಯಾಡಲ್

ಮೂಲ ಶೈಲಿಯ ಬ್ರಿಜ್ ಅಂದರೆ ಮೂರು ಸ್ಕ್ರೂಗಳ ಮೇಲೆ ನಿಂತ ಒಂದು ಲೋಹದ ತಟ್ಟೆ. ಅದರ ಹಿಂದಿನ ಅಂಚಿನ ಸೀಳುಗಳಲ್ಲಿ ತಂತಿಯ ಗುಂಡು ಸಿಕ್ಕಿಕೊಳ್ಳುತ್ತದೆ. ತಟ್ಟೆಯ ಮೇಲೆ ಬೆರಳುದ್ದದ ಒಂದೇ ರೋಸ್‌ವುಡ್ ತುಂಡು, ನಡುವೆ ಒಂದು ಸ್ಕ್ರೂ. ಕೆಲವು ಹೊಸ ಮಾದರಿಗಳಲ್ಲಿ ಇದರ ಬದಲು ಆರು ಲೋಹದ ಸ್ಯಾಡಲ್ ಇರುತ್ತದೆ. ಅದರ ಕೆಲಸ ಬೇರೆ ಗಿಟಾರುಗಳದ್ದೇ ಹಾಗಾಗಿ ಇಲ್ಲಿ ಬಿಡೋಣ.

ಎತ್ತರ: ಹನ್ನೆರಡನೇ ಫ್ರೆಟ್ಟಿನ ನೆತ್ತಿಯಿಂದ ಆರನೇ ತಂತಿಯ ತಳಕ್ಕೆ 2.0 ಮಿ.ಮೀ., ಮೊದಲ ತಂತಿಗೆ 1.6 ಮಿ.ಮೀ. ಬ್ರಿಜ್ 1 ಮಿ.ಮೀ. ಇಳಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ಅದರ ಅರ್ಧ ಮಾತ್ರ ಇಳಿಯುತ್ತದೆ ಎಂಬ ಲೆಕ್ಕ ನೆನಪಿರಲಿ. ಸ್ಕ್ರೂ ತಿರುಗಿಸುವ ಮುಂಚೆ ತಂತಿ ಸಡಿಲಿಸಿ. ಬಿಗಿಯಾದ ತಂತಿಯ ಭಾರದಡಿ ತಿರುಗಿಸಿದರೆ ಸ್ಕ್ರೂ ತಲೆ ಸವೆಯುತ್ತದೆ, ಒಳಗಿನ ಮರವೂ ಹರಿಯುತ್ತದೆ.

ಇಂಟೊನೇಷನ್ (ಪ್ರತಿ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ಬರುವುದು) ವಿಷಯಕ್ಕೆ ಜನ ಈ ಬ್ರಿಜ್ಜನ್ನು ಬೈಯುವುದು ಹೆಚ್ಚು. ತುಂಡು ಒಂದೇ, ತಂತಿ ಆರು. ಒಂದೊಂದನ್ನು ಬೇರೆಬೇರೆಯಾಗಿ ಸರಿಸಲು ಬರುವುದಿಲ್ಲ, ನಿಜ. ಆದರೆ ಎಷ್ಟು ತಪ್ಪುತ್ತದೆ ಎಂದು ಅಳೆದು ನೋಡಿ. 635 ಮಿ.ಮೀ. ಸ್ಕೇಲಿನಲ್ಲಿ ಸ್ಯಾಡಲ್ 1 ಮಿ.ಮೀ. ಸರಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ಸುಮಾರು 3 ಸೆಂಟ್ ವ್ಯತ್ಯಾಸ, ಅಂದರೆ ಅರ್ಧಸ್ವರದ ನೂರರಲ್ಲಿ ಮೂರು ಪಾಲು. ಸರಿಯಾಗಿ ಓರೆ ಕೂರಿಸಿದ ಮರದ ತುಂಡಿನಲ್ಲಿ ಐದು ತಂತಿ ಈ ಅಳತೆಯೊಳಗೇ ಬಂದುಬಿಡುತ್ತವೆ. ತಂಟೆ ಮಾಡುವುದು ಮೂರನೆಯದು, ಜಿ ತಂತಿ.

ಕ್ರಮ ಹೀಗೆ. ಹೊಸ ತಂತಿ ಹಾಕಿ, ಎಳೆದೆಳೆದು ಶ್ರುತಿ ನಿಲ್ಲಿಸಿ. ಮೊದಲ ತಂತಿಯಲ್ಲಿ ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ (ಒತ್ತದೆ, ಬೆರಳು ಹಗುರಾಗಿ ತಾಗಿಸಿ ಬರಿಸುವ ಸ್ವರ) ನುಡಿಸಿ, ಅಲ್ಲೇ ಒತ್ತಿಯೂ ನುಡಿಸಿ, ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲಿನ ಆ ತುದಿ ಹಿಂದಕ್ಕೆ, ಇಳಿದಿದ್ದರೆ ನೆಕ್ಕಿನ ಕಡೆಗೆ. ಆರನೆಯದಕ್ಕೂ ಹಾಗೆಯೇ. ಪ್ರತಿ ಸಲ ತಂತಿ ಸಡಿಲಿಸಿ, ನಡುವಿನ ಸ್ಕ್ರೂವನ್ನು ಅರ್ಧ ಸುತ್ತು ಬಿಟ್ಟು, ತುದಿಯನ್ನು ಉಗುರಿನಷ್ಟೇ ಸರಿಸಿ, ಮತ್ತೆ ಬಿಗಿ ಮಾಡಿ. ಎರಡು ತುದಿ ಸರಿಯಾದ ಮೇಲೆ ಎಲ್ಲಿ ಕೂತಿದೆ ಎಂದು ತಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕಿಡಿ. ಮುಂದಿನ ಸಲ ತಂತಿ ಬದಲಿಸುವಾಗ ತುಂಡು ಜಾರಿದರೂ ಗೆರೆ ದಾರಿ ತೋರಿಸುತ್ತದೆ.

ಈಗ ಜಿ ತಂತಿ. ಈ ಬ್ರಿಜ್ ಹುಟ್ಟಿದ ಕಾಲದಲ್ಲಿ ಮೂರನೇ ತಂತಿ ಸಾಮಾನ್ಯವಾಗಿ ಸುತ್ತಿದ ತಂತಿಯಾಗಿರುತ್ತಿತ್ತು. ಇವತ್ತಿನ ಸೆಟ್ಟುಗಳಲ್ಲಿ ಅದು ಬರಿ 17ರ ಉಕ್ಕು. ದಪ್ಪ ಬರಿ ತಂತಿ ಬಿರುಸು. ಒತ್ತಿದಾಗ ಬಹಳ ಏರುತ್ತದೆ, ಹಾಗಾಗಿ ಅದಕ್ಕೆ ಹೆಚ್ಚು ಉದ್ದ ಬೇಕು. ನೇರ ಗೆರೆಯ ಸ್ಯಾಡಲ್ ಅದನ್ನು ಕೊಡಲಾರದು. ಪರಿಹಾರ ಸುಲಭ: 18 ಅಥವಾ 20ರ ಸುತ್ತಿದ ತಂತಿಯೊಂದನ್ನು ಬಿಡಿಯಾಗಿ ಕೊಂಡು ಮೂರನೆಯದಾಗಿ ಹಾಕಿ. ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು (ಕಾರ್ಡ್) ತಟ್ಟನೆ ತಿಳಿಯಾಗುತ್ತವೆ. ಕಷ್ಟ ಒಂದೇ, ಮೂರನೇ ತಂತಿಯನ್ನು ಎಳೆದು ಬಗ್ಗಿಸಿ ನುಡಿಸುವವರಿಗೆ ಬೆರಳು ನೋಯುತ್ತದೆ. ಬೆಂಡಿಂಗ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಬರಿ ತಂತಿಯನ್ನೇ ಇಟ್ಟುಕೊಂಡು, ಜಿ ತಂತಿಯನ್ನು ಖಾಲಿ ಶ್ರುತಿಯಲ್ಲಿ 2 ಸೆಂಟ್ ಇಳಿಸಿಡಿ.

ಬೀಟೆ ಮರದ ಹೊಸ ಸ್ಯಾಡಲ್

ಸ್ಯಾಡಲ್ ಸವೆದರೆ ನಾದ ಹೇಗೆ ಕೆಡುತ್ತದೆ ಎಂಬುದು ತಂಬೂರಿ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ತಂಬೂರಿಯ ಕುದುರೆ ಅಗಲ. ತಂತಿ ಅದರ ಮೇಲೆ ಮಲಗಿದಂತೆ ಹಾದು, ಕೆಳಗೊಂದು ನೂಲಿಟ್ಟರೆ ಝೇಂಕಾರ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಅದೇ ಬೇಕು. ಇಲ್ಲಿ ಬೇಡ. ರೋಸ್‌ವುಡ್ ತುಂಡಿನ ನೆತ್ತಿ ಸವೆದು ಚಪ್ಪಟೆಯಾದರೆ ತಂತಿ ಒಂದು ಬಿಂದುವಿನಿಂದ ಹೊರಡುವ ಬದಲು ಎರಡು ಮೂರು ಮಿ.ಮೀ. ಉದ್ದಕ್ಕೂ ಮರಕ್ಕೆ ತಾಗುತ್ತ ನಡುಗುತ್ತದೆ. ತಂತಿ ಫ್ರೆಟ್ಟಿಗೆ ತಾಗಿ ಬರುವ ಬಜ್ಜು ಅಂದುಕೊಂಡು ಎತ್ತರ ಏರಿಸಿದರೂ ಹೋಗುವುದಿಲ್ಲ, ಖಾಲಿ ತಂತಿಯಲ್ಲೂ ಕೇಳುತ್ತದೆ. (ಈ ಝೇಂಕಾರವನ್ನೇ ಬೇಕೆಂದು ಬರಿಸಲು ಡ್ಯಾನೆಲೆಕ್ಟ್ರೋದವರು ಗಿಟಾರ್ ವಾದಕ ವಿನ್ನಿ ಬೆಲ್ ಜೊತೆ ಸೇರಿ 1967ರಲ್ಲಿ ಕೋರಲ್ ಹೆಸರಿನ ಎಲೆಕ್ಟ್ರಿಕ್ ಸಿತಾರ್ ತಂದರು. ಅದರ ಬ್ರಿಜ್ ಅಗಲ ಮತ್ತು ಚಪ್ಪಟೆ. ಅದರ ಓರೆ ಒಂದಿಷ್ಟು ಬದಲಾದರೂ ಝೇಂಕಾರ ಬದಲಾಗುತ್ತದೆ. ನಮ್ಮ ವಾದ್ಯಗಳ ಗುಟ್ಟು ಅಮೆರಿಕದ ಕಾರ್ಖಾನೆ ಸೇರಿದ್ದು ಹೀಗೆ.)

ರೋಸ್‌ವುಡ್ ಅಂದರೆ ನಮ್ಮ ಬೀಟೆಯೇ. ಮಲೆನಾಡಿನ ಮರ, ಮೈಸೂರಿನ ಇನ್‌ಲೇ (ಮರದಲ್ಲಿ ಕೊರೆದು ಚೂರು ಕೂರಿಸುವ) ಕೆಲಸದ ಮರ. ಸ್ಯಾಡಲ್ಲಿಗೆ ಬೇಕಾದ್ದು ಬೆರಳಿನಷ್ಟು ತುಂಡು. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಎಲ್ಲೆಂದರಲ್ಲಿ ಸಿಕ್ಕ ದಿಮ್ಮಿಗೆ ಕೈ ಹಾಕದೆ, ಇನ್‌ಲೇ ಅಥವಾ ಪೀಠೋಪಕರಣ ಕೆಲಸದವರಲ್ಲಿ ಉಳಿಕೆ ತುಂಡು ಕೇಳಿ. ಚೆನ್ನಾಗಿ ಒಣಗಿದ, ಗಂಟಿಲ್ಲದ, ಎಳೆ ಉದ್ದಕ್ಕೆ ಓಡುವ ತುಂಡು ಆರಿಸಿ.

ಹಳೆಯ ಸ್ಯಾಡಲ್ಲನ್ನು ಮರದ ಮೇಲಿಟ್ಟು ಚೂಪು ಪೆನ್ಸಿಲ್‌ನಿಂದ ಗುರುತು ಹಾಕಿ. ಎತ್ತರಕ್ಕೆ ಮಾತ್ರ ಅರ್ಧ ಮಿ.ಮೀ. ಹೆಚ್ಚು ಬಿಡಿ. ಮೊದಲು ತಳ: 220ರ ಉಜ್ಜುಕಾಗದವನ್ನು ಗಾಜಿನ ಮೇಲೆ ಅಂಟಿಸಿ, ತುಂಡು ಅಲುಗದಂತೆ ಪೂರ್ತಿ ಕೂರುವ ತನಕ ಉಜ್ಜಿ. ತಳ ಮಟ್ಟವಿಲ್ಲದಿದ್ದರೆ ಉಳಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆಮೇಲೆ ಸ್ಕ್ರೂ ತೂತು, ಹಳೆಯದರ ಜಾಗದಲ್ಲೇ. ನೆತ್ತಿಯ ಬಾಗನ್ನು ಫಿಂಗರ್‌ಬೋರ್ಡಿನಿಂದ ನಕಲು ಮಾಡಿ: ದಪ್ಪ ಕಾಗದವನ್ನು ಕೊನೆಯ ಫ್ರೆಟ್ ಮೇಲೆ ನಿಲ್ಲಿಸಿ ಗೆರೆ ಎಳೆದು ಕತ್ತರಿಸಿದರೆ ಅಚ್ಚು ಸಿದ್ಧ. ಮರುತಯಾರಿಗಳಲ್ಲಿ ಅದು 14 ಇಂಚು ತ್ರಿಜ್ಯದ ಬಾಗು.

ಮುಖ್ಯ ಕೆಲಸ ನೆತ್ತಿಯದು. ಅತಿ ಎತ್ತರದ ಗೆರೆ ನೆಕ್ಕಿನ ಕಡೆಯ ಅಂಚಿನಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ 10ರಿಂದ 15 ಡಿಗ್ರಿ ಇಳಿಜಾರು, ಮನೆಯ ಮಾಡು ಇಳಿದ ಹಾಗೆ. ತಂತಿಯ ಗಾಡಿಗಳನ್ನು (ತಂತಿ ಕೂರುವ ಗೀರುಗಳು) ಹಳೆಯದರ ಅಂತರದಲ್ಲೇ ಗುರುತಿಸಿ, ಆಯಾ ತಂತಿಯ ದಪ್ಪಕ್ಕೆ ತಕ್ಕ ಅರದಿಂದ ಕೊರೆಯಿರಿ. ಆಳ ತಂತಿಯ ಅರ್ಧ ದಪ್ಪದಷ್ಟೇ. ಹೆಚ್ಚು ಆಳವಾದರೆ ತಂತಿ ಹುದುಗಿ ಸದ್ದು ಮೊಂಡಾಗುತ್ತದೆ; ಗಾಡಿಯೇ ಇಲ್ಲದಿದ್ದರೆ ಜೋರಾಗಿ ಹೊಡೆದಾಗ ತಂತಿ ಪಕ್ಕಕ್ಕೆ ಹಾರುತ್ತದೆ. 400ರ ಕಾಗದದಿಂದ ಮುಗಿಸಿ. ಬಣ್ಣ, ಪಾಲಿಶ್ ಬೇಡ. ಬೀಟೆಯ ಪುಡಿ ಮೂಗಿಗೂ ಚರ್ಮಕ್ಕೂ ಒಗ್ಗದ್ದು. ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ.

ಅಲ್ಯೂಮಿನಿಯಂ ನಟ್

ಖಾಲಿ ತಂತಿಗಳು ಇಷ್ಟು ಝಣ್ ಎಂದು ಮಿಂಚುವುದರಲ್ಲಿ ಈ ನಟ್ಟಿನ ಪಾತ್ರವಿದೆ. ಎರಡು ತೊಂದರೆ ಕೊಡುತ್ತದೆ. ಒಂದು, ಗಾಡಿ ಎತ್ತರವಿದ್ದು ಮೊದಲ ಫ್ರೆಟ್ಟಿನ ಸ್ವರಗಳೆಲ್ಲ ಏರಿ ಕೇಳುವುದು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ನೋಡಿ: 0.1ರಿಂದ 0.2 ಮಿ.ಮೀ. ಸಂದು ಇರಬೇಕು. ಹೆಚ್ಚಿದ್ದರೆ ನಟ್ ಅರದಿಂದ ಎರಡು ಮೂರು ಎಳೆತ, ಮತ್ತೆ ಅಳತೆ. ಅಲ್ಯೂಮಿನಿಯಂ ಮೆತ್ತಗೆ, ಬೇಗ ತಿನ್ನಿಸಿಕೊಳ್ಳುತ್ತದೆ, ಅರದ ಹಲ್ಲಿಗೂ ಮೆತ್ತಿಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ಆಗಾಗ ಉಜ್ಜಿ ಬಿಡಿಸಿ. ಅತಿಯಾಗಿ ಇಳಿದರೆ ಎಲುಬಿನ ನಟ್ಟಿನಂತೆ ಪುಡಿ ತುಂಬಿ ಅಂಟಿಸಲು ಇಲ್ಲಿ ಬರುವುದಿಲ್ಲ. ನಟ್ಟನ್ನೇ ಕಳಚಿ ಅಡಿಗೆ ಕಾಗದ ಕೊಡಬೇಕು. ಎರಡು, ಶ್ರುತಿ ಏರಿಸುವಾಗ ಟಿಕ್ ಟಿಕ್ ಎಂದು ಹಾರುವುದು. ತಂತಿ ಬದಲಿಸುವಾಗ ಗಾಡಿಯಲ್ಲಿ ಮೆದು ಪೆನ್ಸಿಲ್ಲಿನ ಸೀಸ ಉಜ್ಜಿದರೆ ಸಾಕು.

ಲಿಪ್‌ಸ್ಟಿಕ್ ಪಿಕಪ್ ಮತ್ತು ಅದರ ವಿಚಿತ್ರ ವೈರಿಂಗ್

ಮೂಲ ಪಿಕಪ್ಪಿನೊಳಗೆ ಬಾಬಿನ್ (ತಂತಿ ಸುತ್ತುವ ಉರುಳೆ) ಇಲ್ಲ. ಆಲ್ನಿಕೋ ಅಯಸ್ಕಾಂತದ ಕಂಬಿಗೆ ಟೇಪು ಸುತ್ತಿ, ಅದರ ಮೇಲೇ ತಾಮ್ರದ ತಂತಿ ಸುತ್ತಿ, ಕ್ರೋಮ್ ಲೇಪಿಸಿದ ಕೊಳವೆಗೆ ತೂರಿಸಿದ್ದು. ಸುತ್ತು ಕಡಿಮೆ, ಹಾಗಾಗಿ ಬಲ ಕಡಿಮೆ, ತಿಳಿ ಹೆಚ್ಚು. ಕೊಳವೆಯ ಲೋಹದಲ್ಲಿ ಹುಟ್ಟುವ ಸುಳಿವಿದ್ಯುತ್ತು ಅತಿ ಚೂಪು ಸ್ವರಗಳನ್ನು ಒಂದಿಷ್ಟು ತಗ್ಗಿಸುತ್ತದೆ.

ಪಿಕಪ್ ಎತ್ತರದ ಸ್ಕ್ರೂಗಳು ಮುಂದೆ ಕಾಣುವುದಿಲ್ಲ. ಗಿಟಾರ್ ತಿರುಗಿಸಿ, ಬೆನ್ನಿನಲ್ಲಿವೆ. ಪಿಕಪ್ಪಿನಡಿ ಸ್ಪ್ರಿಂಗ್ ಇದೆ. ಬಿಗಿ ಮಾಡಿದರೆ ಪಿಕಪ್ ಕೆಳಕ್ಕೆ, ಸಡಿಲಿಸಿದರೆ ಮೇಲಕ್ಕೆ, ಅಂದರೆ ಅಂದಾಜಿಗೆ ತದ್ವಿರುದ್ಧ. ತೀರ ಸಡಿಲಿಸಿದರೆ ಸ್ಕ್ರೂ ಕಳಚಿ ಸ್ಪ್ರಿಂಗ್ ಮೈಯೊಳಗೆ ಬಿದ್ದು ಗಲಗಲ ಅನ್ನುತ್ತದೆ, ಅರ್ಧ ಸುತ್ತಿಗಿಂತ ಹೆಚ್ಚು ಒಮ್ಮೆಗೆ ಬೇಡ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಅಳೆದಾಗ ಕೊಳವೆಗೂ ಮೊದಲ ತಂತಿಗೂ 2 ಮಿ.ಮೀ., ಆರನೆಯದಕ್ಕೆ 2.5 ಮಿ.ಮೀ. ಎಂದು ಶುರುಮಾಡಿ. ಬ್ರಿಜ್ ಪಿಕಪ್ಪನ್ನು ಅರ್ಧ ಮಿ.ಮೀ. ಹತ್ತಿರ ತಂದರೆ ಎರಡರ ಬಲ ಸಮವಾಗುತ್ತದೆ.

ಸ್ವಿಚ್ಚಿನ ನಡುವಿನ ಜಾಗವೇ ಈ ಗಿಟಾರಿನ ಜೀವ. ಸಾಮಾನ್ಯವಾಗಿ ಎರಡು ಪಿಕಪ್ ಸೇರಿಸಿದಾಗ ಅವು ಪ್ಯಾರಲಲ್ ಆಗಿ ಕೂಡುತ್ತವೆ, ಸದ್ದು ತೆಳುವಾಗುತ್ತದೆ. ಇಲ್ಲಿ ಅವು ಸೀರೀಸ್‌ನಲ್ಲಿ ಕೂಡುತ್ತವೆ, ಟಾರ್ಚಿನೊಳಗೆ ಸೆಲ್ಲುಗಳು ಸಾಲಾಗಿ ಕೂತ ಹಾಗೆ. ಎರಡರ ಬಲವೂ ಸೇರಿ ಸದ್ದು ದಪ್ಪಗೆ ಜೋರಾಗಿ ಬರುತ್ತದೆ. ಪದ್ಯಕ್ಕೆ ಒಂಟಿ ಪಿಕಪ್, ಸೋಲೊ ಬಂದಾಗ ನಡುವಿಗೆ ತಳ್ಳಿದರೆ ಪೆಡಲ್ಲೇ ಬೇಡ. ಮೂಲ ವೈರಿಂಗಿನಲ್ಲಿ ನಡುವಿನ ಜಾಗದಲ್ಲಿ ಒಂದರ ವಾಲ್ಯೂಮ್ ಸೊನ್ನೆ ಮಾಡಿದರೂ ಇನ್ನೊಂದು ನುಡಿಯುತ್ತಲೇ ಇರುತ್ತದೆ, ಎರಡನ್ನೂ ಬೇಕಾದ ಪಾಲಿನಲ್ಲಿ ಬೆರೆಸಿಕೊಳ್ಳಬಹುದು.

ನಿಮ್ಮ ಗಿಟಾರಿನಲ್ಲಿ ಈ ವೈರಿಂಗ್ ಇನ್ನೂ ಹಾಗೇ ಇದೆಯೋ, ಹಿಂದಿನ ಒಡೆಯರು ಬದಲಿಸಿದ್ದಾರೋ ಎಂದು ಬಿಚ್ಚದೆಯೇ ತಿಳಿಯಬಹುದು. ಕೇಬಲ್ಲಿನ ಒಂದು ತುದಿ ಗಿಟಾರಿಗೆ ಹಾಕಿ, ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಅದರ ಹಿಂದಿನ ಲೋಹದ ತೋಳಿಗೂ ಮಲ್ಟಿಮೀಟರ್ ಹಿಡಿಯಿರಿ, 20 ಕಿಲೋ ಓಮ್ ಅಳತೆಯಲ್ಲಿ, ವಾಲ್ಯೂಮ್ ಪೂರ್ತಿ ಏರಿಸಿ. ಒಂಟಿ ಪಿಕಪ್ 4ರಿಂದ 5 ಕಿಲೋ ಓಮ್ ಆಸುಪಾಸು ತೋರಿಸಿ, ನಡುವೆ ಹೆಚ್ಚುಕಡಿಮೆ ಅದರ ಎರಡರಷ್ಟಾದರೆ ಸೀರೀಸ್. ಅರ್ಧಕ್ಕೆ ಇಳಿದರೆ ಯಾರೋ ಪ್ಯಾರಲಲ್ ಮಾಡಿದ್ದಾರೆ. ಒಂದು ಪಿಕಪ್ ಮಾತ್ರ ಬಹಳ ದೊಡ್ಡ ಅಂಕಿ ತೋರಿಸಿದರೆ ಅದರೊಳಗಿನ ತಂತಿ ಹರಿದಿದೆ. ಆಗ ನಡುವಿನ ಜಾಗದಲ್ಲೂ ಸದ್ದು ಸೊರಗುತ್ತದೆ. ಬದಲಿ ಪಿಕಪ್ ಕೊಳ್ಳುವಾಗ ಮೂರು ಎಳೆಯದ್ದನ್ನೇ ಕೇಳಿ: ಕಾಯಿಲಿನ ಎರಡು, ಕೊಳವೆಯ ಅರ್ತಿಂಗಿನದು ಬೇರೆ ಒಂದು. ಕೊಳವೆ ಕಾಯಿಲಿನ ಒಂದು ತುದಿಗೇ ಬೆಸೆದಿರುವ ಎರಡೆಳೆಯ ಪಿಕಪ್ ಹಾಕಿದರೆ ಸೀರೀಸ್ ಜಾಗದಲ್ಲಿ ಕೊಳವೆಗೆ ಅರ್ತ್ ಸಿಗದೆ, ಬೆರಳು ತಾಗಿದಾಗಲೆಲ್ಲ ಗುಂಯ್‌ಗುಡುತ್ತದೆ.

ಒಂದರ ಮೇಲೊಂದು ಕೂತ ಜೋಡಿ ಗುಂಡಿಗಳಲ್ಲಿ ಒಂದು ವಾಲ್ಯೂಮ್, ಒಂದು ಟೋನ್. ಒಂದನ್ನು ತಿರುಗಿಸಿದರೆ ಎರಡೂ ತಿರುಗುತ್ತಿವೆ ಎಂದರೆ ಪಾಟ್ (ಗುಂಡಿಯಡಿಯ ನಿಯಂತ್ರಕ) ಕೆಟ್ಟಿಲ್ಲ, ಗುಂಡಿಗಳು ಉಜ್ಜಿಕೊಳ್ಳುತ್ತಿವೆ. ಮೇಲಿನದನ್ನು ಬಿಚ್ಚಿ, ನಡುವೆ ಪೋಸ್ಟ್‌ಕಾರ್ಡಿನಷ್ಟು ಸಂದು ಬಿಟ್ಟು ಕೂರಿಸಿ. ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕಿಕೆ, ಆಮೇಲೆ ಮೂವತ್ತು ಸಲ ತಿರುಗಿಸುವುದು. ಹಾರ್ಡ್‌ಬೋರ್ಡಿಗೆ ತಾಗದಂತೆ ಸುತ್ತ ಬಟ್ಟೆ ಇಡಿ.

ಹೈ ಗೇನ್‌ನಲ್ಲಿ (ಆಂಪಿನಲ್ಲಿ ಸದ್ದು ಒಡೆಯುವಷ್ಟು ಏರಿಸಿದಾಗ) ಕೀರಲು ಬಂದರೆ ಮೊದಲು ಆಂಪಿನಿಂದ ದೂರ ನಿಂತು, ಅದರ ಎದುರಿಗಿಲ್ಲದೆ ಓರೆಗೆ ತಿರುಗಿ ನೋಡಿ. ಟೊಳ್ಳು ಮೈ, ಆ ಗುಣ ಇದ್ದೇ ಇರುತ್ತದೆ. ಪಿಕಪ್ಪನ್ನು ಮೇಣದಲ್ಲಿ ಅದ್ದುವ ಉಪಾಯ ಹೊಸ ಪಿಕಪ್ಪಿಗೆ ಅನುಭವಸ್ಥರ ಕೈಯಲ್ಲಿ ನಡೆಯುತ್ತದೆ. 1960ರ ಮೂಲ ಪಿಕಪ್ಪಿಗೆ ಯಾರೇ ಹೇಳಿದರೂ ಮಾಡಬೇಡಿ.

ಹಾರ್ಡ್‌ಬೋರ್ಡಿನ ಸ್ಕ್ರೂ, ಅಂಚಿನ ಪಟ್ಟಿ

ಪಿಕ್‌ಗಾರ್ಡ್ (ಮೈಯ ಮುಂಬದಿಗೆ ಗೀರು ಬೀಳದಂತೆ ಹಾಕಿದ ತಟ್ಟೆ) ಬಿಚ್ಚಿ ಹಾಕುವಾಗಲೇ ತೂತುಗಳು ಹಾಳಾಗುವುದು. ಸ್ಕ್ರೂವನ್ನು ತೂತಿಗಿಟ್ಟು ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಚಿಟಕ್ ಎಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ತೂತಿನೊಳಗಿನ ಹಳೆಯ ಸುರುಳಿ ಗೆರೆಗೆ ಸ್ಕ್ರೂ ಸಿಕ್ಕ ಗುರುತು ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಅದೇ ದಾರಿಯಲ್ಲಿ ಇಳಿಯುತ್ತದೆ. ಸ್ಕ್ರೂವಿಗೆ ಮೇಣದ ಬತ್ತಿ ಒಮ್ಮೆ ಉಜ್ಜಿಕೊಳ್ಳಿ.

ಆಗಲೇ ಹಿಡಿತ ಹೋಗಿದ್ದರೆ ಬೆಂಕಿಕಡ್ಡಿ ತುರುಕಬೇಡಿ, ಹಲಗೆ ಪದರ ಬಿಡುತ್ತದೆ. ತೆಳು ಸೂಪರ್ ಗ್ಲೂ ಎರಡು ಮೂರು ಹನಿ ತೂತಿನ ಗೋಡೆಗೆ ಇಳಿಯುವಂತೆ ಬಿಟ್ಟು, ರಾತ್ರಿಯಿಡೀ ಒಣಗಿಸಿ. ಎಳೆಗಳು ಅಂಟು ಕುಡಿದು ಕಲ್ಲಾಗುತ್ತವೆ. ಸ್ಕ್ರೂವಿನ ಮುಕ್ಕಾಲು ದಪ್ಪದ ಡ್ರಿಲ್ಲನ್ನು ಕೈಯಲ್ಲೇ ತಿರುಗಿಸಿ ದಾರಿ ಮಾಡಿ, ಆಮೇಲೆ ಸ್ಕ್ರೂ. ಅಂಟು ಹಸಿಯಿರುವಾಗ ಸ್ಕ್ರೂ ಹಾಕಿದರೆ ಅದು ಅಲ್ಲೇ ಸಮಾಧಿ.

ಬೆಲ್ಟ್ ಗುಂಡಿಯ ಜಾಗ ಬದಲಿಸುವ ಆಸೆ ಬಂದರೆ, ಒಳಗೆ ಮರ ಇರುವ ಅಂಚಿನ ಚೌಕಟ್ಟಿಗೆ ಮಾತ್ರ. ಬೆನ್ನ ಹಾಳೆಗೆ ಕೊರೆದರೆ ಗಿಟಾರ್ ಒಂದು ದಿನ ಬೆಲ್ಟ್ ಬಿಟ್ಟು ನೆಲ ಕಾಣುತ್ತದೆ. ಮೈ ಹಗುರಾದ್ದರಿಂದ ನೆಕ್ ಕೆಳಗೆ ಜಗ್ಗುವುದಕ್ಕೆ ಒಳಮೈ ತರಿಯಿರುವ ಅಗಲ ಚರ್ಮದ ಬೆಲ್ಟೇ ಮದ್ದು.

ಅಂಚಿನ ವಿನೈಲ್ ಪಟ್ಟಿ ಮೊದಲು ಏಳುವುದು ಕೊಂಬಿನ ತಿರುವಿನಲ್ಲಿ. ಹೇರ್ ಡ್ರೈಯರನ್ನು ಕಡಿಮೆ ಬಿಸಿಗಿಟ್ಟು ಒಂದು ಗೇಣು ದೂರದಿಂದ ಪಟ್ಟಿ ಮೆತ್ತಗಾಗುವಷ್ಟು ಕಾಯಿಸಿ, ಹಳೆಯ ಅಂಟನ್ನು ಬೆರಳಲ್ಲೇ ಉರುಳಿಸಿ ತೆಗೆಯಿರಿ. ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಒದ್ದೆ ಮಾಡಿದ ಬಟ್ಟೆ. ಬಣ್ಣ ಬಿಡುತ್ತದೆಯೇ ಎಂದು ಮರೆಯ ಜಾಗದಲ್ಲಿ ಮೊದಲು ನೋಡಿ. ಥಿನ್ನರ್ ಮುಟ್ಟಿಸಲೇಬೇಡಿ, ಪಟ್ಟಿಯನ್ನೂ ಬಣ್ಣವನ್ನೂ ತಿನ್ನುತ್ತದೆ. ಚಪ್ಪಲಿ ರಿಪೇರಿಗೆ ಬಳಸುವ ಜಾತಿಯ ಕಾಂಟ್ಯಾಕ್ಟ್ ಅಂಟನ್ನು ಎರಡೂ ಕಡೆ ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು, ಮುಟ್ಟಿದರೆ ಕೈಗೆ ಅಂಟದಂತಾದ ಮೇಲೆ ಒಂದು ತುದಿಯಿಂದ ಒತ್ತುತ್ತ ಹೋಗಿ. ಚಮಚದ ಬೆನ್ನಿನಿಂದ ನೇವರಿಸಿ.

ಮಳೆಗಾಲ, ಬೇಸಿಗೆ

ಕರಾವಳಿ, ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಿಜವಾದ ಪರೀಕ್ಷೆ. ತೇವ 45ರಿಂದ 55 ಶೇಕಡಾ ಇದ್ದರೆ ಉತ್ತಮ. ಮಂಗಳೂರಿನ ಜುಲೈ ತಿಂಗಳಲ್ಲಿ ಆ ಅಂಕಿ ಮನೆಯೊಳಗೆ ಸಿಗುವ ಮಾತೇ ಇಲ್ಲ. ಗೋಡೆಗೆ ತೂಗುಹಾಕಬೇಡಿ, ಹೊರಗೋಡೆಯ ತಂಡಿ ಬೆನ್ನಿನ ಹಾಳೆಗೆ ಇಳಿಯುತ್ತದೆ. ಗಟ್ಟಿ ಪೆಟ್ಟಿಗೆ, ಒಳಗೆ ಸಣ್ಣ ತೇವಮಾಪಕ, 100 ಗ್ರಾಂನ ಎರಡು ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಚೀಲ. ಬಣ್ಣ ಬದಲಾದಾಗ ಮಣಿಗಳನ್ನು ತಟ್ಟೆಗೆ ಸುರಿದು 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಹಾರ್ಡ್‌ಬೋರ್ಡಿಗೆ ತೇವ ಒಳನುಗ್ಗುವುದು ಬಣ್ಣವಿಲ್ಲದ ಜಾಗಗಳಿಂದ, ಅಂದರೆ ಸ್ಕ್ರೂ ತೂತು, ಪಿಕಪ್ ಕಂಡಿಯ ಅಂಚು, ಜ್ಯಾಕಿನ ತೂತು. ಪಿಕ್‌ಗಾರ್ಡ್ ಬಿಚ್ಚಿದಾಗ ಈ ಕತ್ತರಿಸಿದ ಅಂಚುಗಳಿಗೆ ತೆಳು ಶೆಲ್ಲ್ಯಾಕ್ ಒಂದು ಕೈ ಹೊಡೆದಿಡಿ. ಹತ್ತು ನಿಮಿಷದ ಕೆಲಸ, ವರ್ಷಗಟ್ಟಲೆ ಉಪಯೋಗ.

ನುಡಿಸಿದ ಮೇಲೆ ಒಣಬಟ್ಟೆಯಿಂದ ನಟ್ಟನ್ನೂ ಪಿಕಪ್ ಕೊಳವೆಯನ್ನೂ ಒರೆಸಿ. ಬೆವರು, ಉಪ್ಪುಗಾಳಿ ಸೇರಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ, ಕ್ರೋಮಿನಡಿ ಚುಕ್ಕೆ ಬೀಳುತ್ತದೆ. ಬಳ್ಳಾರಿ, ಕಲಬುರಗಿ ಕಡೆಯವರಿಗೆ ಕಾಟ ಬೇರೆ: ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಅಂಚಿನ ಪಟ್ಟಿಯ ಅಂಟು ಕರಗಿ ಜಾರುತ್ತದೆ. ಬೆಂಗಳೂರಿನಿಂದ ಉಡುಪಿಗೆ ಕಛೇರಿಗೆ ಒಯ್ದರೆ ಪೆಟ್ಟಿಗೆ ತೆರೆದ ಕೂಡಲೇ ಟ್ರಸ್ ರಾಡಿಗೆ ಕೈ ಹಾಕಬೇಡಿ. ಒಂದು ದಿನ ಬಿಟ್ಟು ಅಳೆಯಿರಿ.

ಆಂಪ್ ಮತ್ತು ಅರ್ತಿಂಗ್

ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾಗಿ, ಬಿಟ್ಟಾಗ ಹೆಚ್ಚಾದರೆ ಗಿಟಾರ್ ಸರಿಯಿದೆ. ಬ್ರಿಜ್ಜಿನ ಅರ್ತ್ ತಂತಿ ಕೆಲಸ ಮಾಡುತ್ತಿದೆ. ಮುಟ್ಟಿದಾಗ ಹೆಚ್ಚಾದರೆ ಬ್ರಿಜ್ ತಟ್ಟೆಯಡಿ ಆ ತಂತಿ ಬಿಟ್ಟಿದೆ, ನೋಡಿ. ತಂತಿ ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ ಕೂಡಲೇ ಪ್ಲಗ್ ಕಿತ್ತು, ಗೋಡೆಯ ಮೂರನೇ ಪಿನ್ನಿಗೆ ನಿಜಕ್ಕೂ ಅರ್ತ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಗಿಟಾರ್ ಆಂಪ್ ಹಾಕಲೇಬಾರದು.

ಹಳೆಯ ಅಮೆರಿಕನ್ ಆಂಪ್ ಜೊತೆಗೆ ಬಂದಿದ್ದರೆ ಇನ್ನೂ ಎಚ್ಚರ. ಸಿಲ್ವರ್‌ಟೋನ್ ಹೆಸರಿನಲ್ಲಿ ಗಿಟಾರಿನ ಪೆಟ್ಟಿಗೆಯೊಳಗೇ ಆಂಪ್ ಕೂರಿಸಿ ಮಾರಿದ ಮಾದರಿಗಳಿವೆ. 1448 ಅದರಲ್ಲಿ ಹೆಸರಾದದ್ದು. ಅವೆಲ್ಲ 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಆಟೊ ಟ್ರಾನ್ಸ್‌ಫಾರ್ಮರ್ ಅಲ್ಲ, ಎರಡು ಸುರುಳಿ ಬೇರೆಬೇರೆ ಇರುವ ಐಸೊಲೇಷನ್ ಜಾತಿಯದು. ಆ ಕಾಲದ ಕೆಲವು ಅಗ್ಗದ ಆಂಪುಗಳಲ್ಲಿ ಮುಖ್ಯ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಗೋಡೆಯ ಕರೆಂಟು ನೇರ ಷಾಸಿಗೆ (ಆಂಪಿನ ಒಳಗಿನ ಲೋಹದ ಚೌಕಟ್ಟು), ಅಲ್ಲಿಂದ ಕೇಬಲ್ ಮೂಲಕ ನಿಮ್ಮ ತಂತಿಗೆ ಬರಬಹುದು. ವಾಲ್ವ್ ರೇಡಿಯೊ ರಿಪೇರಿ ಬಲ್ಲವರು ಒಳಗೆ ನೋಡಿ, ಕೆಪಾಸಿಟರ್ ಬದಲಿಸಿ, ಮೂರು ಪಿನ್ನಿನ ಪವರ್ ಕೇಬಲ್ ಹಾಕಿ ಸೈ ಅನ್ನುವ ತನಕ ಅದನ್ನು ಚಾಲೂ ಮಾಡಬೇಡಿ. ಅಲ್ಲಿವರೆಗೆ 10ರಿಂದ 15 ವ್ಯಾಟಿನ ಹೊಸ ಚಿಕ್ಕ ಆಂಪ್ ಸಾಕು: ಟ್ರೆಬಲ್ ನಡುವಿಗಿಂತ ಕೊಂಚ ಕೆಳಗೆ, ಒಂದಿಷ್ಟು ಸ್ಪ್ರಿಂಗ್ ರಿವರ್ಬ್ (ಮಾರ್ದನಿ), ಗಿಟಾರಿನ ಸ್ವಿಚ್ ನಡುವಿನಲ್ಲಿ, ಎರಡೂ ವಾಲ್ಯೂಮ್ ಪೂರ್ತಿ. ಅಲ್ಲಿಂದ ನೆಕ್ ಪಿಕಪ್ಪಿನ ವಾಲ್ಯೂಮನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬನ್ನಿ, ಮಂದ್ರದ ಗುಡುಗು ಕರಗಿ ತಂತಿಗಳು ಒಂದೊಂದಾಗಿ ಬೇರೆ ಕೇಳುವ ಜಾಗ ಸಿಗುತ್ತದೆ.